ಯಂತ್ರಕ್ಕೆ ನೆನಪನ್ನು ಕಲ್ಪಿಸಿದ ಬ್ಯಾಬೇಜ್

ಚಾರ್ಲ್ಸ್ ಬ್ಯಾಬೇಜನು 1791ರ ಡಿಸೆಂಬರ್ 26ರಂದು ಲಂಡನ್ನಿನಲ್ಲಿ ಜನಿಸಿದನು. ಗಣಿತವೆಂದರೆ ಅವನಿಗೆ ಬಾಲ್ಯದಿಂದಲೂ ಬಲು ಪ್ರೀತಿ. ಆ ಕಾಲದ ನಾವಿಕರು ಅಚ್ಚಾದ ಗಣಿತಕೋಷ್ಟಕಗಳನ್ನು ನೆಚ್ಚಿ ಹಡಗು ನಡೆಸುತ್ತಿದ್ದರು. ಅಂಕಿಯೊಂದು ತಪ್ಪಿದರೆ ವಿಶಾಖಪಟ್ಟಣದ ರೇವಿಗೆ ಹೊರಟ ಹಡಗು ದಾರಿ ತಪ್ಪಬಹುದಾಗಿತ್ತು. 1821ರಲ್ಲಿ ಮಿತ್ರ ಜಾನ್ ಹರ್ಷೆಲನೊಡನೆ ಕೋಷ್ಟಕಗಳನ್ನು ತಾಳೆ ನೋಡುತ್ತಿದ್ದಾಗ, ತಪ್ಪುಗಳ ರಾಶಿಯನ್ನು ಕಂಡು ಬ್ಯಾಬೇಜನು ಬೇಸತ್ತನು. ತಪ್ಪನ್ನು ತಿದ್ದಿದರೆ ಸಾಲದು, ಅದರ ಮೂಲವನ್ನೇ ತೆಗೆಯಬೇಕೆಂದು ನಿಶ್ಚಯಿಸಿ, ತಾನೇ ಲೆಕ್ಕ ಮಾಡುವ ‘ವ್ಯತ್ಯಾಸ ಯಂತ್ರ’ವನ್ನು ಕಟ್ಟತೊಡಗಿದನು.

ಬಳಿಕ ಅವನು ಯೋಚಿಸಿದ ‘ವಿಶ್ಲೇಷಕ ಯಂತ್ರ’ದಲ್ಲಿ ಲೆಕ್ಕ ಮಾಡುವ ಗಿರಣಿ ಬೇರೆ, ಸಂಖ್ಯೆಗಳನ್ನು ಕೂಡಿಡುವ ಉಗ್ರಾಣ ಬೇರೆ. ಇಂದಿನ ಗಣಕಯಂತ್ರದ ಮೆಮೊರಿಯು ಆ ಉಗ್ರಾಣದ ಕಲ್ಪನೆಯೇ. ಆದರೆ 1842ರಲ್ಲಿ ಸರ್ಕಾರವು ಮೊದಲ ಯಂತ್ರದ ಕೆಲಸವನ್ನೇ ಕೈಬಿಟ್ಟಿತು. ಬೀದಿ ವಾದ್ಯಗಾರರ ಗದ್ದಲವೂ ಅವನ ಚಿಂತನೆಯನ್ನು ಕೆಡಿಸುತ್ತಿತ್ತು. 1871ರಲ್ಲಿ ಅವನು ತೀರಿಕೊಂಡಾಗ ಯಂತ್ರಗಳು ಅಪೂರ್ಣವಾಗಿಯೇ ಉಳಿದಿದ್ದುವು. 1991ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಅವನ ನಕ್ಷೆಗಳಂತೆಯೇ ಎರಡನೆಯ ವ್ಯತ್ಯಾಸ ಯಂತ್ರವನ್ನು ಕಟ್ಟಿದರು. ಅದು ತಪ್ಪಿಲ್ಲದೆ ಲೆಕ್ಕ ಮಾಡಿತು.

ಗದ್ದಲವನ್ನು ದ್ವೇಷಿಸಿದವನ ಯಂತ್ರದ ಸಂತತಿಯು ಇಂದು ಸದ್ದಿನಿಂದಲೇ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ! ಲಂಡನ್ನಿನಿಂದ ವಿಜಯವಾಡದವರೆಗೆ ಮನೆಮನೆಗಳಲ್ಲಿರುವ ಗಣಕಯಂತ್ರಗಳಲ್ಲಿ ಹಲವು, ಮೆಮೊರಿಯ ಹಲಗೆ ಸಡಿಲವಾದರೆ ಒಳಗಿನ ಪುಟ್ಟ ಸ್ಪೀಕರಿನ ಮೂಲಕ ಬೀಪ್ ಬೀಪ್ ಎಂದು ಕೂಗುತ್ತವೆ. ಆಗ ಯಂತ್ರವನ್ನು ಹಳಿಯದೆ, ವಿದ್ಯುತ್ತಿನ ಸಂಪರ್ಕವನ್ನು ಪೂರ್ತಿ ತಪ್ಪಿಸಿ, ಹಿರಿಯರ ನೆರವಿನಿಂದ ಹಲಗೆಯನ್ನು ಅದರ ಸ್ಥಾನದಲ್ಲಿ ಭದ್ರವಾಗಿ ಕೂರಿಸಬೇಕು. ಬಾಲಕ ಬಾಲಕಿಯರೇ, ದೋಷದ ಮೂಲವನ್ನು ಸಹನೆಯಿಂದ ಹುಡುಕುವುದೇ ಬ್ಯಾಬೇಜನು ತೋರಿದ ದಾರಿ.