ಶ್ರೀಕಾರ್ಯದ ನೆರೆಯ ಮಹಾಪುರುಷರು

ಶ್ರೀಕಾರ್ಯಂ ಪೇಟೆಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಕನ್ನಡ ಬಂಧುಗಳಲ್ಲಿ ಎಷ್ಟು ಮಂದಿ ಚೆಂಪಳಂತಿಗೆ ಹೋಗಿ ಬಂದಿರುವರೋ ನಾವರಿಯೆವು. ಪೇಟೆಯಿಂದ ಅಲ್ಲಿಗೆ ಕೆಲವೇ ಕಿಲೋಮೀಟರುಗಳ ಹಾದಿ. ರಜೆಯ ದಿನ ಶ್ರೀ ಪದ್ಮನಾಭಸ್ವಾಮಿಯ ದರ್ಶನಕ್ಕೂ ಶಂಖುಮುಖದ ಕಡಲ ತೀರಕ್ಕೂ ಹೋಗುವ ನಾವು ಬೆನ್ನ ಹಿಂದೆಯೇ ಇರುವ ಈ ಊರನ್ನು ಮರೆತಿರುವೆವು. ಅನೇಕ ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಾವೂ ಅಲ್ಲಿಗೆ ಮೊದಲ ಬಾರಿ ಹೋದುದು ಹೋಟೆಲನ್ನು ಬಿಟ್ಟು ಪತ್ರಿಕೆಯ ಕೆಲಸಕ್ಕೆ ಕೈಯಿಕ್ಕಿದ ಮೇಲೆಯೇ. ಮಂಗಳೂರಿನ ಕುದ್ರೋಳಿಯಲ್ಲಿ ಶ್ರೀ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ಶ್ರೀ ನಾರಾಯಣ ಗುರುಗಳು ಜನ್ಮವೆತ್ತಿದುದು ಈ ಊರಿನಲ್ಲಿ.

1850ರ ದಶಕದ ನಡುವೆ, ಸಿಂಹಮಾಸದ ಶತಭಿಷಾ ನಕ್ಷತ್ರದಲ್ಲಿ, ಮಾಡನ್ ಆಶಾನ್ ಮತ್ತು ಕುಟ್ಟಿಯಮ್ಮ ಎಂಬ ಈಳವ ದಂಪತಿಗಳಿಗೆ ಜನಿಸಿದ ಶಿಶುವಿಗೆ ನಾಣು ಎಂದು ಹೆಸರು. ಅಂದಿನ ತಿರುವಾಂಕೂರು ಸಂಸ್ಥಾನದಲ್ಲಿ ಈಳವರು ದೇವಾಲಯವನ್ನು ಹೊಗುವುದಿರಲಿ, ಅನೇಕ ಕಡೆ ಅದರ ಸುತ್ತಲಿನ ಬೀದಿಯಲ್ಲಿಯೂ ನಡೆಯುವಂತಿರಲಿಲ್ಲ. ಆದರೆ ಈಳವರೂ ತಮಗಿಂತ ಕೆಳಗಿನವರೆಂದು ಎಣಿಸಿದ ಪುಲಯರನ್ನು ಅಷ್ಟೇ ದೂರದಲ್ಲಿ ನಿಲ್ಲಿಸುತ್ತಿದ್ದರು. ಪೆಟ್ಟು ತಿಂದವನು ತನಗಿಂತ ದುರ್ಬಲನಿಗೆ ಪೆಟ್ಟು ಕೊಡುವ ಈ ಪದ್ಧತಿ ನಮ್ಮ ದೇಶದಲ್ಲಿ ಎಲ್ಲಿ ತಾನೇ ಇರಲಿಲ್ಲ!

ಬಾಲಕ ನಾಣುವಿನ ಬಗ್ಗೆ ಇಲ್ಲಿಯ ಹಿರಿಯರು ಒಂದು ಕತೆಯನ್ನು ಹೇಳುವರು. ದಾರಿಯಲ್ಲಿ ಹೋಗುತ್ತಿರುವಾಗ ಪುಲಯರ ಗುಡಿಸಲೊಂದರಲ್ಲಿ ಒಲೆಯ ಮೇಲಿನ ಅನ್ನದ ಮಡಕೆ ಉಕ್ಕಿ ಹರಿಯುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಹುಡುಗನು ಒಳಹೊಕ್ಕು ಮಡಕೆಯನ್ನು ಇಳಿಸಿಟ್ಟು ಬಂದನು. ಮನೆಯಲ್ಲಿ ಗದರಿಸಿದಾಗ, ಇಳಿಸದಿದ್ದರೆ ಆ ಮನೆಯವರು ಅಂದು ಉಪವಾಸ ಬೀಳುತ್ತಿದ್ದರೆಂದು ಹೇಳಿದನಂತೆ. ಒಲೆಯ ಮುಂದೆ ಬದುಕು ಸವೆಸುವ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೋದರಮಾವ ಕೃಷ್ಣನ್ ವೈದ್ಯರ ಆಶ್ರಯದಲ್ಲಿಯೂ, ಬಳಿಕ ಕಾಯಂಕುಳದ ಸಮೀಪ ಕುಮ್ಮಂಪಳ್ಳಿ ರಾಮನ್ ಪಿಳ್ಳೆ ಆಶಾನರ ಬಳಿಯಲ್ಲಿಯೂ ಸಂಸ್ಕೃತವನ್ನು ಕಲಿತು, ಊರಿಗೆ ಮರಳಿ ಕೆಲಕಾಲ ಮಕ್ಕಳಿಗೆ ಪಾಠ ಹೇಳಿ ‘ನಾಣು ಆಶಾನ್’ ಎನಿಸಿಕೊಂಡರು. ತದನಂತರ ಮನೆಯನ್ನು ತೊರೆದು ಅಲೆದರು. ಮರುತ್ವಾಮಲೆಯ ಗುಹೆಯಲ್ಲಿ ತಪಸ್ಸು ಮಾಡಿದರು. 1888ರ ಶಿವರಾತ್ರಿಯಂದು ಅರುವಿಪ್ಪುರದಲ್ಲಿ ನೆಯ್ಯಾರ್ ಹೊಳೆಯ ಮಡುವಿನಿಂದ ಕಲ್ಲೊಂದನ್ನು ಎತ್ತಿ ತಂದು ಶಿವನೆಂದು ಪ್ರತಿಷ್ಠಿಸಿದರು. ಅಬ್ರಾಹ್ಮಣನಿಗೆ ಈ ಅಧಿಕಾರವೆಲ್ಲಿಯದೆಂದು ಕೇಳಿದವರಿಗೆ, ತಾವು ಸ್ಥಾಪಿಸಿದುದು ಈಳವರ ಶಿವನನ್ನೆಂದು ನಗುತ್ತ ಉತ್ತರಿಸಿದರೆಂಬುದು ಪ್ರಸಿದ್ಧ. ಅವರು ಅಲ್ಲಿ ಬರೆಸಿದ ಫಲಕವು ಮಾತ್ರ ಆ ಸ್ಥಳವನ್ನು ಈಳವರದೆಂದು ಹೇಳುವುದಿಲ್ಲ. ಜಾತಿಭೇದ, ಮತದ್ವೇಷಗಳಿಲ್ಲದೆ ಸರ್ವರೂ ಸೋದರರಂತೆ ಬಾಳುವ ಜಾಗವೆಂದು ಸಾರುತ್ತದೆ.

ಇಲ್ಲಿ ನಮ್ಮ ಕನ್ನಡ ನಾಡಿನ ಸಂಬಂಧವೊಂದನ್ನು ಹೇಳದೆ ಮುಂದೆ ಹೋಗಲಾರೆವು. ಗುರುಗಳ ಕಾರ್ಯಕ್ಕೆ ಬೆನ್ನೆಲುಬಾದ ಡಾಕ್ಟರ್ ಪಲ್ಪು ಅವರು ವೈದ್ಯ ಪದವಿಯನ್ನು ಪಡೆದಿದ್ದರೂ ಈಳವರೆಂಬ ಕಾರಣಕ್ಕೆ ಸ್ವಂತ ಸಂಸ್ಥಾನದಲ್ಲಿ ಉದ್ಯೋಗ ದೊರೆಯಲಿಲ್ಲ. ಅವರಿಗೆ ಅನ್ನವಿತ್ತುದು ಮೈಸೂರು ಸಂಸ್ಥಾನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಅವರು ಜೀವದ ಹಂಗು ತೊರೆದು ದುಡಿದರು. ಮುಂದೆ ಮಹಾಕವಿಯೆನಿಸಿದ, ಗುರುಗಳ ಶಿಷ್ಯ ಕುಮಾರನ್ ಆಶಾನರು ಬೆಂಗಳೂರಿನಲ್ಲಿ ಸಂಸ್ಕೃತವನ್ನು ಓದಿದುದೂ ಪಲ್ಪು ಅವರ ಆಶ್ರಯದಲ್ಲಿಯೇ. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವು ಸ್ಥಾಪನೆಗೊಂಡಾಗ ಗುರುಗಳು ಅಧ್ಯಕ್ಷರು, ಆಶಾನರು ಕಾರ್ಯದರ್ಶಿ. ಗುಡಿಗಳ ಹೊರಗೇ ನಿಲ್ಲಬೇಕಾಗಿದ್ದ ಮಂಗಳೂರಿನ ಬಿಲ್ಲವ ಸಮಾಜದವರು ಮುಖಂಡ ಕೊರಗಪ್ಪನವರ ನೇತೃತ್ವದಲ್ಲಿ ಗುರುಗಳನ್ನು ಕರೆಸಿಕೊಂಡುದರ ಫಲವೇ 1912ರ ಕುದ್ರೋಳಿ ಪ್ರತಿಷ್ಠೆ.

ಇಷ್ಟರವರೆಗಿನ ಕಥೆಯನ್ನು ಎಲ್ಲರೂ ಹೇಳುವರು. ಮೇಲಿನವರ ಅನ್ಯಾಯವನ್ನು ಎದುರಿಸುವವನಿಗೆ ತನ್ನವರ ಜಯಕಾರವಾದರೂ ದೊರೆಯುತ್ತದೆ. ತನ್ನವರ ತಪ್ಪನ್ನೇ ಎತ್ತಿ ಆಡಿದವನಿಗೆ ದೊರೆಯುವುದೇನು? ಗುರುಗಳ ದೊಡ್ಡತನವನ್ನು ನಾವು ಕಾಣುವುದು ಇಲ್ಲಿ. ಈಳವರಲ್ಲಿ ಅನೇಕರ ಕಸುಬು ಕಳ್ಳು ಇಳಿಸುವುದು. ನಮ್ಮ ಬಿಲ್ಲವರಲ್ಲಿಯೂ ಹಾಗೆಯೇ. ಮದ್ಯವು ವಿಷವೆಂದೂ, ಅದನ್ನು ತಯಾರಿಸುವುದಾಗಲಿ ಕೊಡುವುದಾಗಲಿ ಕುಡಿಯುವುದಾಗಲಿ ಸಲ್ಲದೆಂದೂ ಗುರುಗಳು ಆ ಜನರಿಗೇ ಹೇಳಿದರು. ಯೋಗದಲ್ಲಿ ಜಾತ್ಯಭಿಮಾನವು ಬೆಳೆಯತೊಡಗಿದಾಗ, 1916ರಲ್ಲಿ ಡಾಕ್ಟರ್ ಪಲ್ಪು ಅವರಿಗೆ ಪತ್ರ ಬರೆದು, ತಮ್ಮ ಹೆಸರನ್ನೇ ಹೊತ್ತ ಆ ಸಂಸ್ಥೆಯಿಂದ ದೂರ ಸರಿದರು. ಅದೇ ವರ್ಷ ತಮಗೆ ಯಾವ ಜಾತಿಯೂ ಮತವೂ ಇಲ್ಲವೆಂದು ಬಹಿರಂಗವಾಗಿ ಸಾರಿದರು. ಆಗ ಅವರಿಗೆ ಅರುವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಮನುಷ್ಯನು ಮಾಲೆ ಹಾಕಿಸಿಕೊಂಡು ವೇದಿಕೆಯಲ್ಲಿ ಕುಳಿತುಕೊಳ್ಳುವುದೇ ಲೋಕರೂಢಿ.

ಮರುವರ್ಷ, 1917ರಲ್ಲಿ, ಕೊಚ್ಚಿಯ ಬಳಿಯ ಚೆರಾಯಿಯಲ್ಲಿ ಅಯ್ಯಪ್ಪನ್ ಎಂಬ ಈಳವ ತರುಣರು ಪುಲಯರೊಡನೆ ಸಹಪಂಕ್ತಿ ಭೋಜನವನ್ನು ಏರ್ಪಡಿಸಿದರು. ಸಮಾಜದವರು ಅವರಿಗೆ ಬಹಿಷ್ಕಾರ ಹಾಕಿ, ಪುಲಯನ್ ಅಯ್ಯಪ್ಪನ್ ಎಂದು ಹೀಯಾಳಿಸಿದರು. ಅಯ್ಯಪ್ಪನ್ನರು ಅದನ್ನು ಬಿರುದೆಂದೇ ಧರಿಸಿದರು. ಗುರುಗಳು ತಮ್ಮ ಪರವಾಗಿರುವರೆಂದು ಎರಡು ಪಕ್ಷದವರೂ ಹೇಳಿಕೊಳ್ಳುತ್ತಿರಲು, ಗುರುಗಳು ಸ್ವಹಸ್ತದಿಂದಲೇ ಬರೆದುಕೊಟ್ಟರು: ಮನುಷ್ಯರ ಮತ, ವೇಷ, ಭಾಷೆಗಳು ಯಾವುವಾದರೂ ಜಾತಿ ಒಂದೇ ಆದುದರಿಂದ ಒಟ್ಟಿಗೆ ಉಣ್ಣುವುದರಲ್ಲಾಗಲಿ ಮದುವೆಯಾಗುವುದರಲ್ಲಾಗಲಿ ದೋಷವಿಲ್ಲವೆಂಬುದೇ ಅದರ ತಾತ್ಪರ್ಯ.

ಇದನ್ನು ಓದುವಾಗ ನಮಗೆ ನಮ್ಮದೇ ಹೋಟೆಲಿನ ಒಂದು ಸಂಗತಿ ನೆನಪಾಗಿ ಲೇಖನಿ ನಿಂತಿತು. ಹನ್ನೆರಡು ವರ್ಷಗಳ ಹಿಂದೆ ಊರ ಕಡೆಯ ಹುಡುಗನೊಬ್ಬನು ಕೆಲಸ ಕೇಳಿಕೊಂಡು ಬಂದನು. ದೋಸೆ ಹೊಯ್ಯುವುದರಲ್ಲಿ ಕೈ ಪಳಗಿದವನು. ನಾವು ಊರನ್ನು ಕೇಳಿದೆವು, ತಂದೆಯ ಹೆಸರನ್ನು ಕೇಳಿದೆವು. ಅದರಿಂದಲೂ ತಿಳಿಯದಿರಲು ಮನೆದೇವರನ್ನು ಕೇಳಿದೆವು. ಜಾತಿ ಯಾವುದೆಂದು ಬಾಯಿ ಬಿಟ್ಟು ಕೇಳಲಿಲ್ಲ. ಅದನ್ನೇ ಸಭ್ಯತೆಯೆಂದು ತಿಳಿದಿದ್ದೆವು. ಉತ್ತರವನ್ನು ಕೇಳಿದ ಮೇಲೆ, ಒಲೆಯ ಬಳಿ ಜಾಗವಿಲ್ಲವೆಂದು ಹೇಳಿ ಮೇಜು ಒರೆಸಲು, ಎಂಜಲು ಲೋಟ ತೊಳೆಯಲು ಹಾಕಿದೆವು. ಅಂದು ದೋಸೆಕಲ್ಲಿನ ಮುಂದೆ ಆಳಿಲ್ಲದೆ ನಾವೇ ನಿಂತಿದ್ದೆವು. ಅಡಿಗೆಯ ಭಟ್ಟರು ಬಿಟ್ಟುಹೋದಾರೆಂಬ ಭಯವಿತ್ತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಭಟ್ಟರನ್ನು ಮಾತ್ರ ನಾವು ಕೇಳಿಯೇ ಇರಲಿಲ್ಲ. ಎಂಟು ತಿಂಗಳ ಬಳಿಕ ಹುಡುಗನು ಲೆಕ್ಕ ಚುಕ್ತಾ ಮಾಡಿಸಿಕೊಂಡು, ಧನಿಗಳಿಗೆ ನಮಸ್ಕಾರ ಮಾಡಿ ಹೋದನು. ಎಲ್ಲಿರುವನೋ ತಿಳಿಯದು.

ಗುರುಗಳು ಶಿವಗಿರಿಯಲ್ಲಿ ಪುಲಯ ಮೊದಲಾದ ಜಾತಿಗಳ ಮಕ್ಕಳನ್ನು ಇರಿಸಿಕೊಂಡು ಓದಿಸಿದರು. ವೈಕಂ ಸತ್ಯಾಗ್ರಹಕ್ಕೆ 1,000 ರೂಪಾಯಿಗಳನ್ನು ನೀಡಿದರು. 1925ರ ಮಾರ್ಚಿಯಲ್ಲಿ ಮಹಾತ್ಮಾ ಗಾಂಧಿಯವರು ಶಿವಗಿರಿಗೆ ಬಂದಾಗ, ಒಂದೇ ಮರದ ಎಲೆಗಳೂ ಒಂದೊಂದು ತೆರನಾಗಿವೆಯೆಂದು ತೋರಿಸಲು, ಎಲೆಯನ್ನು ಜಗಿದರೆ ರುಚಿ ಒಂದೇ ಎಂದು ಗುರುಗಳು ಸೂಚಿಸಿದರೆಂದು ಹೇಳುವರು. ದಯೆಯನ್ನೇ ಕುರಿತು ‘ಅನುಕಂಪಾದಶಕ’ವೆಂಬ ಹತ್ತು ಪದ್ಯಗಳನ್ನು ರಚಿಸಿದರು. ಮುರುಕ್ಕುಂಪುಳದ ಗುಡಿಯಲ್ಲಿ 1922ರಲ್ಲಿ ವಿಗ್ರಹದ ಬದಲು ಸತ್ಯ, ಧರ್ಮ, ದಯೆ ಮೊದಲಾದ ಅಕ್ಷರಗಳನ್ನೇ ಪ್ರತಿಷ್ಠಿಸಿದರು. 1927ರಲ್ಲಿ ಕಳವಂಕೋಡದಲ್ಲಿ ಕನ್ನಡಿಯನ್ನು. ದರ್ಶನಕ್ಕೆಂದು ಹೋದವನಿಗೆ ಅಲ್ಲಿ ಕಾಣುವುದು ತನ್ನ ಮುಖವೇ.

1928ರ ಸೆಪ್ಟೆಂಬರ್ 20ರಂದು ಶಿವಗಿರಿಯಲ್ಲಿ ಗುರುಗಳು ದೇಹವನ್ನು ಬಿಟ್ಟರು. ಚೆಂಪಳಂತಿಯಲ್ಲಿ ಅವರು ಹುಟ್ಟಿದ, ಮಣ್ಣಿನ ಗೋಡೆಯ ಪುಟ್ಟ ಮನೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವರು. ಬಾಗಿಲಲ್ಲಿ ಎಲ್ಲರೂ ತಲೆ ತಗ್ಗಿಸಿಯೇ ನೋಡಬೇಕು. ಗುರುಜಯಂತಿಯಂದು ಕೇರಳದ ಕಚೇರಿಗಳಿಗೆ ರಜೆ. ಗುಮಾಸ್ತ ಬಂಧುಗಳು ಅಂದು ಹೋಗಿಬರಬಹುದು. ಹೋಟೆಲು ಕೆಲಸಗಾರರಿಗೆ ಅಂತಹ ದಿನಗಳಲ್ಲಿಯೇ ದುಡಿಮೆ ಹೆಚ್ಚು. ಅವರಿಗೆ ಮಾಲಕರು ಬೇರೊಂದು ದಿನ ಬಿಡುವು ಕೊಡಲಿ.