ಲೆವ್ ಲ್ಯಾಂಡೌ

ತರಂಗದ ಕಂಪನವೇಗ ಬದಲಾದಂತೆ ಅಯಸ್ಕಾಂತ ವಸ್ತುಗಳ ಪ್ರತಿಕ್ರಿಯೆಯೂ ಬದಲಾಗುತ್ತದೆ. ಇದರ ಮರ್ಮವನ್ನು ಸಮೀಕರಣವೊಂದರಲ್ಲಿ ಹಿಡಿದಿಟ್ಟ ಸೋವಿಯತ್ ವಿಜ್ಞಾನಿ ಲೆವ್ ಲ್ಯಾಂಡೌ ಅವರ ಜೀವನವನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

1908ರಲ್ಲಿ ಬಾಕು ನಗರದಲ್ಲಿ ಜನಿಸಿದ ಇವರು, 1935ರಲ್ಲಿ ಶಿಷ್ಯ ಲಿಫ್‌ಶಿಟ್ಸರೊಡನೆ ಆ ಸಮೀಕರಣವನ್ನು ಪ್ರಕಟಿಸಿದರು. ವಸ್ತುವಿನ ಕಾಂತತ್ವವು ಓಲಾಡುವ ಬುಗುರಿಯಂತೆ ಕಾಂತಕ್ಷೇತ್ರದ ಸುತ್ತ ತಿರುಗುತ್ತ, ಕ್ರಮೇಣ ಅದರ ದಿಕ್ಕಿಗೇ ವಾಲುವುದೆಂಬುದು ಅದರ ಸಾರ. ಇಂದು ಗಣಕಯಂತ್ರಗಳು ವಸ್ತುವನ್ನು ಕಿರುಕೋಶಗಳಾಗಿ ವಿಂಗಡಿಸಿ, ಮ್ಯಾಕ್ಸ್‌ವೆಲ್ಲರ ಸಮೀಕರಣಗಳೊಡನೆ ಇದನ್ನೂ ಕ್ಷಣಕ್ಷಣಕ್ಕೆ ಗಣಿಸಿ, ಒಳಗಿನ ಕ್ಷೇತ್ರದ ಚಲನೆಯನ್ನು ತೋರಿಸುತ್ತವೆ.

1938ರಲ್ಲಿ ಸ್ಟಾಲಿನ್ನನ ಆಡಳಿತವು ಲ್ಯಾಂಡೌ ಅವರನ್ನು ಸೆರೆಗೆ ತಳ್ಳಿತು. ಹಿರಿಯ ವಿಜ್ಞಾನಿ ಕಪಿತ್ಸರು ಅಧಿಕಾರಸ್ಥರಿಗೆ ಪತ್ರ ಬರೆದು, ತಾವೇ ಹೊಣೆ ನಿಂತು, ವರ್ಷದ ತರುವಾಯ ಬಿಡಿಸಿದರು. ಬಿಡುಗಡೆಯ ಬಳಿಕ, 1941ರಲ್ಲಿ, ಲ್ಯಾಂಡೌ ದ್ರವ ಹೀಲಿಯಮ್ಮಿನ ಸಿದ್ಧಾಂತವನ್ನು ರಚಿಸಿದರು. ಇಂತಹ ಕಾರ್ಯಕ್ಕಾಗಿಯೇ 1962ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅದೇ ವರ್ಷದ ಜನವರಿಯಲ್ಲಿ ನಡೆದ ಕಾರಿನ ಅಪಘಾತದಿಂದ ಜರ್ಜರಿತರಾಗಿದ್ದ ಅವರು ಅದನ್ನು ಮಾಸ್ಕೋದಲ್ಲಿಯೇ ಸ್ವೀಕರಿಸಬೇಕಾಯಿತು. ಹಿಂದಿನ ಚೈತನ್ಯ ಮರಳಲಿಲ್ಲ. 1968ರ ಏಪ್ರಿಲ್ 1ರಂದು ದಿವಂಗತರಾದರು.

ಪ್ರತಿಭೆಯನ್ನು ಮೆಚ್ಚುವವರು ಅನೇಕರು; ಆಪತ್ಕಾಲದಲ್ಲಿ ಅದಕ್ಕೆ ಹೊಣೆ ನಿಲ್ಲುವವರು ವಿರಳ. ಲ್ಯಾಂಡೌ ಅವರೊಡನೆ ಕಪಿತ್ಸರನ್ನೂ ನಾವು ಸ್ಮರಿಸುತ್ತೇವೆ.