ಮಿಂಚಿಗೆ ದಾರಿ ತೋರಿಸಿದವನ ಕಾಲ್ಬೆರಳ ನೋವು

ಬೆಂಜಮಿನ್ ಫ್ರಾಂಕ್ಲಿನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಗಾಳಿಪಟ, ಮಳೆ, ಮಿಂಚು. ಕರೆಂಟ್ ಪ್ಲಸ್‌ನಿಂದ ಮೈನಸ್ ಕಡೆಗೆ ಹರಿಯುತ್ತೆ, ಆದ್ರೆ ಎಲೆಕ್ಟ್ರಾನ್ ಉಲ್ಟಾ ಹೋಗುತ್ತೆ ಅಂತ ಓದಿ ನಾವು ತಲೆ ಕೆರೆದುಕೊಂಡಿದ್ದೀವಲ್ಲ, ಆ ಪ್ಲಸ್ ಮೈನಸ್ ಲೆಕ್ಕ ಶುರು ಮಾಡಿದ ಪುಣ್ಯಾತ್ಮ ಇವನೇ. ಸಿಡಿಲು ತಡೆಯುವ ಕಂಬಿ, ದೂರಕ್ಕೂ ಹತ್ತಿರಕ್ಕೂ ಆಗುವ ಕನ್ನಡಕ, ಕಡಿಮೆ ಸೌದೆಯಲ್ಲಿ ಮನೆ ಬೆಚ್ಚಗಿಡುವ ಒಲೆ, ಹೀಗೆ ಬೇರೆಯವರ ಕಷ್ಟಗಳಿಗೆಲ್ಲ ಏನಾದರೊಂದು ಉಪಾಯ ಹುಡುಕಿಕೊಟ್ಟವನು. ಆದರೆ ತನ್ನದೇ ಕಾಲಿನ ಹೆಬ್ಬೆರಳಿನ ನೋವಿಗೆ ಅವನಿಗೆ ಕೊನೆತನಕ ಉಪಾಯ ಸಿಗಲಿಲ್ಲ. ಆ ನೋವಿನ ಹೆಸರು ಗೌಟ್. ಈ ಸಲ ನಾವು ಹೇಳೋದು ಫ್ರಾಂಕ್ಲಿನ್ ಬದುಕಿನ ಆ ಭಾಗವನ್ನ.

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬಾಸ್ಟನ್‌ನಲ್ಲಿ. ಅಪ್ಪ ಮೇಣದಬತ್ತಿ, ಸೋಪು ಮಾಡಿ ಮಾರುತ್ತಿದ್ದರು. ಮನೆ ತುಂಬ ಮಕ್ಕಳು, ಹಾಗಾಗಿ ಇವನಿಗೆ ಸಿಕ್ಕಿದ್ದು ಎರಡೇ ವರ್ಷದ ಶಾಲೆ. 12ನೇ ವಯಸ್ಸಿಗೆ ಅಣ್ಣ ಜೇಮ್ಸ್‌ನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಕಲಿಯಲು ಸೇರಿದ.

ಊಟದ ವಿಷಯದಲ್ಲಿ ಅವನ ಮೊದಲ ಪ್ರಯೋಗ ನಡೆದದ್ದು ಅಲ್ಲೇ. ಸುಮಾರು 16ನೇ ವಯಸ್ಸಿನಲ್ಲಿ ಒಂದು ಪುಸ್ತಕ ಓದಿ ಮಾಂಸ ಬಿಟ್ಟುಬಿಟ್ಟ. ನನ್ನ ಊಟಕ್ಕೆ ಕೊಡೋ ದುಡ್ಡಿನಲ್ಲಿ ಅರ್ಧ ನನ್ನ ಕೈಗೇ ಕೊಡು, ನನ್ನ ಊಟ ನಾನೇ ನೋಡ್ಕೋತೀನಿ ಅಂತ ಅಣ್ಣನಿಗೆ ಹೇಳಿದ. ಆ ಅರ್ಧದಲ್ಲೂ ಅರ್ಧ ಉಳಿಸಿ ಪುಸ್ತಕ ಕೊಂಡ. ಒಂದು ಚೂರು ಬ್ರೆಡ್, ಒಂದು ಹಿಡಿ ಒಣದ್ರಾಕ್ಷಿ, ಒಂದು ಲೋಟ ನೀರು, ಇಷ್ಟರಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತಿತ್ತು. ಈ ವ್ರತ ಜಾಸ್ತಿ ದಿನ ನಡೆಯಲಿಲ್ಲ. ಒಮ್ಮೆ ಹಡಗಿನಲ್ಲಿ ಹೋಗುವಾಗ ಬಿಸಿಬಿಸಿ ಮೀನಿನ ವಾಸನೆ ಮೂಗಿಗೆ ಬಡಿಯಿತು. ದೊಡ್ಡ ಮೀನಿನ ಹೊಟ್ಟೆಯಲ್ಲಿ ಸಣ್ಣ ಮೀನು ಇದ್ದದ್ದನ್ನು ನೋಡಿ, ಮೀನೇ ಮೀನನ್ನು ತಿನ್ನುವಾಗ ನಾನು ತಿಂದರೇನು ಅಂತ ತರ್ಕ ಹುಡುಕಿಕೊಂಡು ತಿಂದ. ಬೇಕಾದ್ದಕ್ಕೆ ಕಾರಣ ಹುಡುಕಿಕೊಳ್ಳೋ ಈ ಬುದ್ಧಿ ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತೆ.

1724ರ ಕೊನೆಗೆ ಲಂಡನ್ ತಲುಪಿ ಅಲ್ಲಿನ ಪ್ರೆಸ್ಸುಗಳಲ್ಲಿ ದುಡಿದ. ಜೊತೆಯ ಕೆಲಸಗಾರರು ಬೆಳಗಿನಿಂದ ರಾತ್ರಿವರೆಗೆ ಬಿಯರ್ ಕುಡಿಯುತ್ತಿದ್ದರು, ಕುಡಿದರೇ ಶಕ್ತಿ ಅನ್ನೋದು ಅವರ ನಂಬಿಕೆ. ಫ್ರಾಂಕ್ಲಿನ್ ಬರೀ ನೀರು ಕುಡಿಯುತ್ತಿದ್ದ. ಬಿಯರ್‌ನಲ್ಲಿ ಎಷ್ಟು ಧಾನ್ಯ ಕರಗಿದೆಯೋ ಅಷ್ಟೇ ಶಕ್ತಿ ಸಿಗೋದು, ಅದಕ್ಕಿಂತ ಜಾಸ್ತಿ ಹಿಟ್ಟು ಒಂದು ಪೆನ್ನಿಯ ಬ್ರೆಡ್‌ನಲ್ಲೇ ಇದೆ ಅಂತ ಅವರಿಗೆ ಲೆಕ್ಕ ಹೇಳುತ್ತಿದ್ದ. ಬೇರೆಯವರು ಎರಡು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಅಚ್ಚುಮೊಳೆಯ ಚೌಕಟ್ಟನ್ನು ಇವನು ಕೈಗೊಂದರಂತೆ ಎರಡು ಹೊತ್ತು ಹತ್ತುತ್ತಿದ್ದ. ಥೇಮ್ಸ್ ನದಿಯಲ್ಲಿ ಚೆಲ್ಸಿಯಿಂದ ಬ್ಲ್ಯಾಕ್‌ಫ್ರಯರ್ಸ್ ತನಕ ಈಜಿ ಎಲ್ಲರ ಬಾಯಿ ಮುಚ್ಚಿಸಿದ್ದೂ ಆಗಲೇ.

ಫಿಲಡೆಲ್ಫಿಯಾಕ್ಕೆ ಮರಳಿ ಸ್ವಂತ ಪ್ರೆಸ್ ಕಟ್ಟಿದ. ಒಳ್ಳೆಯ ಮನುಷ್ಯನಾಗೋಕೆ ಹದಿಮೂರು ಗುಣಗಳ ಪಟ್ಟಿ ಮಾಡಿದ. ಪುಟ್ಟ ಪುಸ್ತಕದಲ್ಲಿ ವಾರದ ಏಳು ದಿನಕ್ಕೆ ಏಳು ಕಾಲಂ, ಗುಣಗಳಿಗೆ ಹದಿಮೂರು ಸಾಲು, ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ನಮ್ಮ ಲ್ಯಾಬ್ ಅಬ್ಸರ್ವೇಷನ್ ಟೇಬಲ್ ಇದ್ದಹಾಗೆ! ಆ ಪಟ್ಟಿಯ ಮೊದಲ ಸಾಲೇ ಊಟ, ಕುಡಿತದಲ್ಲಿ ಮಿತಿ. 1748ರಲ್ಲಿ, ಬರೀ 42ನೇ ವಯಸ್ಸಿಗೆ ವ್ಯಾಪಾರದಿಂದ ನಿವೃತ್ತನಾಗಿ ವಿದ್ಯುತ್ತಿನ ಹಿಂದೆ ಬಿದ್ದ. 1752ರಲ್ಲಿ ಗಾಳಿಪಟದ ಪ್ರಯೋಗ, ಮರುವರ್ಷವೇ ರಾಯಲ್ ಸೊಸೈಟಿಯ ಕಾಪ್ಲಿ ಪದಕ.

ಇಲ್ಲಿ ಸ್ವಲ್ಪ ನಿಂತು ಗೌಟ್ ಅಂದ್ರೇನು ಅಂತ ನೋಡೋಣ. ನಮ್ಮ ದೇಹದ ಕೋಶಗಳಲ್ಲೂ ತಿನ್ನುವ ಆಹಾರದಲ್ಲೂ ಪ್ಯೂರಿನ್ ಅನ್ನೋ ವಸ್ತುಗಳಿವೆ. ಅವು ಒಡೆದಾಗ ಯೂರಿಕ್ ಆಮ್ಲ ಆಗುತ್ತೆ. ಬಹಳಷ್ಟು ಪ್ರಾಣಿಗಳಲ್ಲಿ ಇದನ್ನು ಮುಂದೆ ಒಡೆಯುವ ಯೂರಿಕೇಸ್ ಎಂಬ ಕಿಣ್ವ ಇದೆ, ಮನುಷ್ಯರಲ್ಲಿ ಅದು ಕೆಲಸ ಮಾಡಲ್ಲ. ಹಾಗಾಗಿ ಸುಮಾರು ಮೂರರಲ್ಲಿ ಎರಡು ಭಾಗವನ್ನು ಕಿಡ್ನಿ ಹೊರಹಾಕಬೇಕು, ಉಳಿದದ್ದನ್ನು ಕರುಳು. ರಕ್ತದಲ್ಲಿ ಇದರ ಪ್ರಮಾಣ ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಕರಗುವ ಮಿತಿ ಮೀರಿದಂತೆ. ಆಮೇಲೆ ಏನಾಗುತ್ತೆ ಅನ್ನೋದು ಕೆಮಿಸ್ಟ್ರಿ ಓದಿದ ನಮಗೆ ಗೊತ್ತೇ ಇದೆ, ಹರಳು ಕಟ್ಟೋಕೆ ಶುರು. ತಣ್ಣಗಿರುವ ಜಾಗದಲ್ಲಿ ಕರಗುವ ಶಕ್ತಿ ಇನ್ನೂ ಕಡಿಮೆ. ದೇಹದಲ್ಲಿ ತಣ್ಣಗಿರೋದು ಕಾಲಿನ ತುದಿ, ಹೆಬ್ಬೆರಳೇ ಮೊದಲು ಸಿಕ್ಕಿಬೀಳೋಕೆ ಇದೂ ಒಂದು ಕಾರಣ. ಸೂಜಿಯಂಥ ಆ ಹರಳುಗಳ ಮೇಲೆ ಬಿಳಿ ರಕ್ತಕಣಗಳು ದಾಳಿ ಮಾಡುತ್ತವೆ. ಹೆಚ್ಚಾಗಿ ರಾತ್ರಿ ಹೊತ್ತಲ್ಲಿ ಕೀಲು ಕೆಂಪಾಗಿ, ಊದಿ, ಸುಡೋಕೆ ಶುರುವಾಗುತ್ತೆ. ಹೊದ್ದ ಬೆಡ್‌ಶೀಟ್ ತಾಗಿದರೂ ಜೀವ ಹೋದ ಹಾಗಾಗುತ್ತೆ.

ಫ್ರಾಂಕ್ಲಿನ್ ಕಾಲದಲ್ಲಿ ಇದ್ಯಾವುದೂ ಗೊತ್ತಿರಲಿಲ್ಲ. ಗೌಟ್ ಅಂದರೆ ಶ್ರೀಮಂತರ ಕಾಯಿಲೆ, ಬಂದರೆ ಬೇರೆ ದೊಡ್ಡ ರೋಗಗಳು ಹತ್ತಿರ ಸುಳಿಯಲ್ಲ ಅನ್ನೋ ನಂಬಿಕೆಯೂ ಇತ್ತು. 1776ರ ಜೂನ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ತಯಾರಾಗುತ್ತಿದ್ದಾಗ, ಸಮಿತಿಯಲ್ಲಿದ್ದ 70 ವರ್ಷದ ಫ್ರಾಂಕ್ಲಿನ್ ಗೌಟ್‌ನಿಂದಾಗಿ ಕಾಂಗ್ರೆಸ್‌ಗೆ ಹೋಗಲಾಗದೆ ಮನೆಯಲ್ಲೇ ಉಳಿದಿದ್ದ. ಅದೇ 1776ರಲ್ಲೇ ಅತ್ತ ಸ್ವೀಡನ್‌ನಲ್ಲಿ ಕಾರ್ಲ್ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಮೂತ್ರಕೋಶದ ಕಲ್ಲಿನಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿದ. ಆದರೆ ಅದಕ್ಕೂ ಗೌಟ್‌ಗೂ ಸಂಬಂಧ ಇದೆ ಅಂತ ಆಗ ಯಾರಿಗೂ ಗೊತ್ತಾಗಲಿಲ್ಲ.

ಆ ವರ್ಷದ ಡಿಸೆಂಬರ್‌ನಲ್ಲಿ ಫ್ರಾಂಕ್ಲಿನ್ ಫ್ರಾನ್ಸ್ ತಲುಪಿದ. ಫ್ರೆಂಚರ ಸಹಾಯ ಸಿಗದಿದ್ದರೆ ಬ್ರಿಟಿಷರ ವಿರುದ್ಧ ಯುದ್ಧ ಗೆಲ್ಲೋದು ಕಷ್ಟ, ಆ ಸಹಾಯ ತರೋ ಜವಾಬ್ದಾರಿ ಇವನ ಹೆಗಲ ಮೇಲೆ. ಪ್ಯಾರಿಸ್ ಪಕ್ಕದ ಪಾಸಿ ಎಂಬಲ್ಲಿ ಮನೆ. ವಾರದಲ್ಲಿ ಆರು ದಿನ ಊಟಕ್ಕೆ ಆಹ್ವಾನ. ಒಬ್ಬ ರಾಯಭಾರಿಗೆ ಊಟದ ಮೇಜೇ ಆಫೀಸು. ಅವನ ನೆಲಮಾಳಿಗೆಯಲ್ಲಿ ಸಾವಿರಕ್ಕೂ ಹೆಚ್ಚು ವೈನ್ ಬಾಟಲಿಗಳಿದ್ದವು. ಲಂಡನ್‌ನಲ್ಲಿ ನೀರು ಕುಡಿದು ಮೆಟ್ಟಿಲು ಹತ್ತಿದ ಹುಡುಗ ಈಗ ಊಟ ಮುಗಿಸಿ ಗಂಟೆಗಟ್ಟಲೆ ಚೆಸ್ ಮುಂದೆ ಕೂರುವ ದಪ್ಪ ಅಜ್ಜ.

1780ರ ಅಕ್ಟೋಬರ್‌ನಲ್ಲಿ ಗೌಟ್ ಅವನನ್ನು ಹಾಸಿಗೆ ಹಿಡಿಸಿತು. ಅಂಥ ನೋವಿನಲ್ಲೂ ಅವನು ಮಾಡಿದ ಕೆಲಸ ಕೇಳಿ. ಗೌಟ್ ಅನ್ನೇ ಒಂದು ಪಾತ್ರ ಮಾಡಿ, ಅದು ತನ್ನನ್ನು ಬೈಯುವ ಹಾಗೆ ಒಂದು ಸಂಭಾಷಣೆ ಬರೆದ. ಆಮೇಲೆ ಪಾಸಿಯ ತನ್ನ ಪುಟ್ಟ ಪ್ರೆಸ್ಸಿನಲ್ಲಿ ಅಚ್ಚೂ ಹಾಕಿದ. ಅತಿಯಾಗಿ ತಿಂದದ್ದು, ಕುಡಿದದ್ದು, ನಡೆಯೋದು ಬಿಟ್ಟು ಚೆಸ್ ಆಡಿದ್ದು, ಎಲ್ಲಿ ಹೋದರೂ ಗಾಡಿ ಹತ್ತಿದ್ದು, ಎಲ್ಲದಕ್ಕೂ ಗೌಟ್ ಅವನನ್ನು ತರಾಟೆಗೆ ತಗೊಳ್ಳುತ್ತೆ. ವ್ಯಾಯಾಮವನ್ನು ಅದು ಅಳೆಯೋದೂ ಇಂಜಿನಿಯರಿಂಗ್ ಥರಾನೇ. ನಡೆದರೆ ಮೈಯಲ್ಲಿ ಎಷ್ಟು ಬಿಸಿ ಹುಟ್ಟುತ್ತೆ, ಕುದುರೆ ಏರಿದರೆ ಎಷ್ಟು, ಗಾಡಿಯಲ್ಲಿ ಕೂತರೆ ಎಷ್ಟು ಅಂತ ಹೋಲಿಕೆ. ಕೊನೆಗೆ ಫ್ರಾಂಕ್ಲಿನ್ ಇನ್ಮೇಲೆ ಸರಿಯಾಗಿರ್ತೀನಿ ಅಂತ ಮಾತು ಕೊಡುತ್ತಾನೆ. ಗೌಟ್ ನಂಬಲ್ಲ. ನಾಲ್ಕು ದಿನ ಆರೋಗ್ಯ ಚೆನ್ನಾಗಿದ್ದರೆ ನೀನು ಮತ್ತೆ ಹಳೇ ದಾರಿಗೇ ಬರೋನು ಅನ್ನೋದು ಅದಕ್ಕೆ ಗೊತ್ತು. ಅಂದರೆ, ಬರೆದ ಫ್ರಾಂಕ್ಲಿನ್‌ಗೂ ಗೊತ್ತು.

ನಗು ಬರೋ ಹಾಗಿದ್ದರೂ ಅದರ ಹಿಂದಿನ ಕಷ್ಟ ಸಣ್ಣದಲ್ಲ. 1781ರ ಮಾರ್ಚ್‌ನಲ್ಲಿ, ಯುದ್ಧ ಇನ್ನೂ ಮುಗಿಯದಿದ್ದಾಗ, ಆ ಚಳಿಗಾಲದ ಗೌಟ್ ತನ್ನನ್ನು ಕುಗ್ಗಿಸಿಬಿಟ್ಟಿದೆ, ವಯಸ್ಸೂ 75 ಆಯ್ತು, ತನ್ನನ್ನು ಬಿಡುಗಡೆ ಮಾಡಿ ಅಂತ ಕಾಂಗ್ರೆಸ್‌ಗೆ ಕಾಗದ ಬರೆದ. ಕಾಂಗ್ರೆಸ್ ಒಪ್ಪಲಿಲ್ಲ, ಬದಲಿಗೆ ಶಾಂತಿ ಒಪ್ಪಂದದ ಕೆಲಸವನ್ನೂ ಅವನಿಗೆ ಸೇರಿಸಿತು. 1783ರ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಫ್ರಾಂಕ್ಲಿನ್ ಒಬ್ಬ.

ಹಾಗಾದ್ರೆ ಇಷ್ಟು ಬುದ್ಧಿವಂತ ಔಷಧಿ ಯಾಕೆ ಹುಡುಕಲಿಲ್ಲ? ಸುಳ್ಳು ಔಷಧಿಗೆ ಮೋಸ ಹೋಗೋನಂತೂ ಅಲ್ಲ. ಪಾರ್ಶ್ವವಾಯು ಬಂದವರು ಅವನ ಹತ್ತಿರ ಬಂದು ವಿದ್ಯುತ್ ಶಾಕ್ ಹಾಕಿಸಿಕೊಂಡಿದ್ದರು. ಮೊದಲ ದಿನಗಳಲ್ಲಿ ಸ್ವಲ್ಪ ಗುಣ ಕಂಡರೂ ಶಾಶ್ವತ ಲಾಭ ತನಗೆ ಕಾಣಲಿಲ್ಲ ಅಂತ 1757ರಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟ. 1784ರಲ್ಲಿ ಮೆಸ್ಮರ್ ಎಂಬ ವೈದ್ಯನ ಅಯಸ್ಕಾಂತ ಚಿಕಿತ್ಸೆ ನಿಜವೋ ಸುಳ್ಳೋ ನೋಡೋಕೆ ಫ್ರಾನ್ಸ್ ರಾಜ ನೇಮಿಸಿದ ಆಯೋಗದಲ್ಲಿ ಇವನೂ, ಲವಾಸಿಯೇಯೂ ಇದ್ದರು. ಫ್ರಾಂಕ್ಲಿನ್‌ಗೆ ಓಡಾಡೋಕಾಗದ ಕಾರಣ ಕೆಲವು ಪರೀಕ್ಷೆಗಳು ಪಾಸಿಯ ಅವನ ಮನೆಯಲ್ಲೇ ನಡೆದವು. ತೋಟದ ಒಂದು ಮರಕ್ಕೆ ಶಕ್ತಿ ತುಂಬಿಸಿದ್ದೇವೆ ಅಂದರು. ಕಣ್ಣು ಕಟ್ಟಿದ ಹುಡುಗನನ್ನು ಮರದಿಂದ ಮರಕ್ಕೆ ಕರೆದೊಯ್ದರು. ಅವನು ಮೂರ್ಛೆ ಬಿದ್ದದ್ದು ಬೇರೆ ಮರದ ಹತ್ತಿರ! ಅಲ್ಲಿಗೆ ಆ ಚಿಕಿತ್ಸೆಯ ಬಣ್ಣ ಬಯಲಾಯಿತು.

ಇನ್ನೊಂದು ಸುಳಿವೂ ಅವನ ಕೈಯಲ್ಲೇ ಇತ್ತು. 1786ರಲ್ಲಿ ಗೆಳೆಯ ಬೆಂಜಮಿನ್ ವಾನ್‌ಗೆ ಬರೆದ ಪತ್ರದಲ್ಲಿ ಸೀಸದ ವಿಷದ ಬಗ್ಗೆ ತಾನು ಕಂಡದ್ದನ್ನೆಲ್ಲ ಜೋಡಿಸಿಟ್ಟಿದ್ದಾನೆ. ಸೀಸದ ಕೊಳವೆಗಳಲ್ಲಿ ಬಟ್ಟಿ ಇಳಿಸಿದ ರಮ್ ಕುಡಿದವರ ಹೊಟ್ಟೆನೋವು, ಬಿಸಿ ಮಾಡಿದ ಅಚ್ಚುಮೊಳೆ ಹಿಡಿಯುವ ಪ್ರೆಸ್ ಕೆಲಸಗಾರರ ಕೈ ಸೋಲೋದು, ಎಲ್ಲ ಅದರಲ್ಲಿದೆ. ಸೀಸ ಕಿಡ್ನಿಯನ್ನು ಕೆಡಿಸುತ್ತೆ, ಯೂರಿಕ್ ಆಮ್ಲ ಹೊರಹೋಗದೆ ಗೌಟ್‌ಗೂ ಕಾರಣವಾಗಬಹುದು ಅನ್ನೋದು ಗೊತ್ತಾಗಿದ್ದು ಮುಂದಿನ ಶತಮಾನದಲ್ಲಿ.

1785ರ ಜುಲೈನಲ್ಲಿ ಫ್ರಾನ್ಸ್ ಬಿಡುವಾಗ ಗೌಟ್ ಜೊತೆ ಮೂತ್ರಕೋಶದ ಕಲ್ಲೂ ಸೇರಿತ್ತು. ಗಾಡಿಯ ಕುಲುಕಾಟ ತಡೆಯಲಾಗದೆ, ಹೇಸರಗತ್ತೆಗಳು ಹೊರುವ ರಾಣಿಯ ಪಲ್ಲಕ್ಕಿಯಲ್ಲಿ ಬಂದರಿನ ತನಕ ಹೋದ. 1787ರಲ್ಲಿ ಅಮೆರಿಕದ ಸಂವಿಧಾನ ಸಭೆಗೆ ಬಂದಾಗ 81 ವರ್ಷ. ಕೊನೆಯ ದಿನದ ಅವನ ಭಾಷಣವನ್ನು ಓದಿದ್ದು ಜೇಮ್ಸ್ ವಿಲ್ಸನ್. ಕೊನೆಯ ವರ್ಷಗಳಲ್ಲಿ ಕಲ್ಲಿನ ನೋವಿಗೆ ಅಫೀಮೇ ಗತಿಯಾಗಿತ್ತು. 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ.

ಅವನಿಗೆ ಬೇಕಿದ್ದ ಉತ್ತರಗಳು ಒಂದೊಂದಾಗಿ ಬಂದದ್ದು ಆಮೇಲೆ. 1797ರಲ್ಲಿ ಗೌಟ್ ಗಂಟಿನೊಳಗೆ ಯೂರಿಕ್ ಆಮ್ಲದ ಲವಣ ಇದೆ ಅಂತ ವೊಲಾಸ್ಟನ್ ತೋರಿಸಿದ. 1820ರಲ್ಲಿ ಕೊಲ್ಚಿಕಮ್ ಗಿಡದಿಂದ ಕೊಲ್ಚಿಸಿನ್ ಬೇರ್ಪಟ್ಟಿತು. 1848ರಲ್ಲಿ ಗ್ಯಾರಡ್ ರೋಗಿಗಳ ರಕ್ತದಲ್ಲೇ ಯೂರಿಕ್ ಆಮ್ಲ ಹೆಚ್ಚಿರೋದನ್ನು ಕಂಡ. 1966ರಲ್ಲಿ ಅಲೋಪ್ಯುರಿನಾಲ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ದೇಹದಲ್ಲಿ ಯೂರಿಕ್ ಆಮ್ಲ ತಯಾರಾಗೋದನ್ನೇ ಕಡಿಮೆ ಮಾಡುವ ಔಷಧಿ ಇದು. ಇದರ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಪಡೆದರು.

ಹಾಗಾಗಿ ನಮಗನ್ನಿಸೋದು ಇಷ್ಟು. ಫ್ರಾಂಕ್ಲಿನ್‌ಗೆ ತನ್ನ ಅಭ್ಯಾಸದ ತಪ್ಪು ಪೂರ್ತಿ ಗೊತ್ತಿತ್ತು, ಆದರೆ ಅದು ಅರ್ಧ ಉತ್ತರ ಮಾತ್ರ. ಇವತ್ತಿಗೂ ಮನೆಯಲ್ಲಿ ಅಪ್ಪನಿಗೋ ಮಾವನಿಗೋ ಗೌಟ್ ಬಂದರೆ, ತಿಂದದ್ದು ಜಾಸ್ತಿ ಆಯ್ತು, ಅನುಭವಿಸಲಿ ಅಂತ ನಗೋರು ಇದ್ದಾರೆ. ಅದು ಸರಿಯಲ್ಲ. ದೇಹದ ಯೂರಿಕ್ ಆಮ್ಲದಲ್ಲಿ ಊಟದಿಂದ ಬರೋದು ಸುಮಾರು ಮೂರರಲ್ಲಿ ಒಂದು ಭಾಗ, ಉಳಿದದ್ದು ದೇಹ ತಾನೇ ಮಾಡಿಕೊಳ್ಳೋದು. ವಂಶದ ಗುಣ, ಕಿಡ್ನಿ, ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಹಾಗಂತ ಊಟ ಮುಖ್ಯ ಅಲ್ಲ ಅಂತಲ್ಲ. ಬಿಯರ್, ಬೇರೆ ಮದ್ಯ, ಲಿವರ್, ಬೋಟಿ, ಮಟನ್, ಬೂತಾಯಿಯಂಥ ಮೀನು, ಸಿಗಡಿ, ಇವು ಕಡಿಮೆ ಆಗಬೇಕು. ಕ್ಯಾಂಟೀನ್‌ನಲ್ಲಿ ನಾವು ಕುಡಿಯೋ ಸಕ್ಕರೆಯ ಕೂಲ್ ಡ್ರಿಂಕ್ಸ್ ಕೂಡ ಈ ಪಟ್ಟಿಯಲ್ಲಿದೆ, ಅದರ ಫ್ರಕ್ಟೋಸ್ ಯೂರಿಕ್ ಆಮ್ಲವನ್ನು ಏರಿಸುತ್ತೆ. ಬೇಳೆ, ಸೊಪ್ಪು ಬಿಟ್ಟುಬಿಡಿ ಅನ್ನೋರಿದ್ದಾರೆ, ಆದರೆ ತರಕಾರಿಯ ಪ್ಯೂರಿನ್‌ನಿಂದ ಗೌಟ್ ಹೆಚ್ಚಿದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ನೀರು ಚೆನ್ನಾಗಿ ಕುಡಿಯೋದು, ತೂಕ ನಿಧಾನಕ್ಕೆ ಇಳಿಸೋದು ಒಳ್ಳೇದು, ಉಪವಾಸ ಬಿದ್ದು ಒಮ್ಮೆಲೇ ಇಳಿಸೋಕೆ ಹೋದರೆ ನೋವು ಕೆರಳಬಹುದು.

ನೋವು ಬಂದಾಗ ಕೊಡುವ ಮಾತ್ರೆ ಬೇರೆ, ಯೂರಿಕ್ ಆಮ್ಲ ಇಳಿಸುವ ಮಾತ್ರೆ ಬೇರೆ. ಮೊದಲನೆಯದು ಊತ ಇಳಿಸುತ್ತೆ. ಎರಡನೆಯದನ್ನು ಡಾಕ್ಟರ್ ಕಡಿಮೆ ಡೋಸ್‌ನಿಂದ ಶುರುಮಾಡಿ, ಪ್ರಮಾಣ 6ಕ್ಕಿಂತ ಕೆಳಗಿರುವ ಹಾಗೆ ಹೊಂದಿಸುತ್ತಾರೆ. ಅದನ್ನು ನೋವಿಲ್ಲದ ದಿನವೂ ತಗೊಳ್ಳಬೇಕು. ಬಹಳ ಜನ ಎಡವೋದು ಇಲ್ಲೇ, ನೋವು ಹೋಯ್ತು ಅಂತ ಮಾತ್ರೆ ಬಿಟ್ಟುಬಿಡ್ತಾರೆ. ಫ್ರಾಂಕ್ಲಿನ್ ಬರೆದ ಆ ಗೌಟ್ ನಂಬದಿದ್ದದ್ದೂ ಇದನ್ನೇ ಅಲ್ವಾ, ನೋವು ಹೋದ ಮೇಲಿನ ಮನುಷ್ಯನನ್ನ? ಅವನ ಹತ್ತಿರ ಮಾತ್ರೆ ಇರಲಿಲ್ಲ. ನಮ್ಮ ಮನೆಯವರ ಹತ್ತಿರ ಇದೆ. ಮುಂದಿನ ಸಲ ಊರಿಗೆ ಹೋದಾಗ, ಗೌಟ್ ಇರೋ ಹಿರಿಯರು ಯಾರಾದ್ರೂ ಇದ್ದರೆ, ಮಾತ್ರೆ ತಗೊಳ್ತಿದ್ದೀರಾ ಅಂತ ಒಂದು ಮಾತು ಕೇಳೋಣ.